ಸಂಜೆ ಏಳರ ಮೀಟಿಂಗಿಗೆ ಅವರು ಹೇಗೆ ಬರ್ತಾರೆ?

1978ನೇ ಇಸವಿ. ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜು. ಇಪ್ಪತ್ತೈದು ವರ್ಷದ ಹುಡುಗಿಯೊಬ್ಬಳು 10,000 ರೂಪಾಯಿ ಇಟ್ಟುಕೊಂಡು ಅಲ್ಲಿ ಕಂಪನಿ ಶುರು ಮಾಡ್ತಾಳೆ. ಆಸ್ಟ್ರೇಲಿಯಾಕ್ಕೆ ಹೋಗಿ ಬಿಯರ್ ತಯಾರಿಕೆ ಕಲಿತು ಬಂದವಳು. ಹೆಣ್ಣು ಅನ್ನೋ ಕಾರಣಕ್ಕೆ ಇಲ್ಲಿ ಆ ಕೆಲಸ ಸಿಗಲಿಲ್ಲ. ಸಾಲ ಕೇಳಿದರೆ ಬ್ಯಾಂಕುಗಳೂ ಹಿಂದೇಟು ಹಾಕಿದವು. ವಯಸ್ಸು ಸಣ್ಣದು, ಮೇಲಾಗಿ ಬಯೋಟೆಕ್ನಾಲಜಿ ಅನ್ನೋ ಪದವೇ ಆಗ ಹೊಸದು. ಹೌದು, ನಾನು ಹೇಳ್ತಿರೋದು ಕಿರಣ್ ಮಜುಂದಾರ್ ಶಾ ಮತ್ತು ಬಯೋಕಾನ್ ಕಥೆ.

ಈ ಕಥೆ ನಿಮಗೆ ಗೊತ್ತು. ಛಲ, ಸಾಧನೆ ಅಂತ ಎಲ್ಲರೂ ಹೇಳ್ತಾರೆ. ಆದರೆ ಕೊನೆಗೆ ಆ ಸಾಲ ಸಿಕ್ಕಿದ್ದು ಹೇಗೆ ಗೊತ್ತಾ? ಒಂದು ಸಮಾರಂಭದಲ್ಲಿ ಆಕಸ್ಮಿಕವಾಗಿ ಭೇಟಿಯಾದ ಬ್ಯಾಂಕ್ ಅಧಿಕಾರಿಯೊಬ್ಬರಿಂದ! ಅವತ್ತು ಅವರು ಅಲ್ಲಿಗೆ ಹೋಗದೇ ಇದ್ದಿದ್ದರೆ?

ನೆಟ್‌ವರ್ಕಿಂಗ್ ಅಂದ ತಕ್ಷಣ ಅದೇನೋ ಕೋಟು ಹಾಕಿಕೊಂಡವರ ವಿದ್ಯೆ ಅಂದ್ಕೊಳ್ತೀವಿ. ಅಲ್ಲ ಸ್ವಾಮಿ, ನಮ್ಮ ಮದುವೆ ಮನೆಗಳಲ್ಲಿ ನಡೆಯೋದು ಅದೇ. ಊಟದ ಪಂಕ್ತಿಯಲ್ಲಿ ಗಂಡಸರು ಸೈಟು, ಟೆಂಡರು, ಸಾಲ ಎಲ್ಲ ಮಾತಾಡಿ ಮುಗಿಸ್ತಾರೆ. ಹೆಣ್ಣುಮಕ್ಕಳೂ ಅದೇ ಮದುವೆಯಲ್ಲಿ ಇರ್ತಾರೆ. ಆದರೆ ತಾಂಬೂಲದ ಚೀಲ ಎಣಿಸ್ತಾ ಇರ್ತಾರೆ.

1973ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಒಂದು ಪ್ರಬಂಧ ಬರೆದರು. ಕೆಲಸದ ಸುದ್ದಿ ಹೆಚ್ಚಾಗಿ ತಲುಪಿಸೋದು ಆಪ್ತ ಸ್ನೇಹಿತರಲ್ಲ, ಅಪರೂಪಕ್ಕೆ ಸಿಗೋ ಪರಿಚಯಸ್ಥರು ಅನ್ನೋದು ಅವರ ವಾದ. ಇಂಜಿನಿಯರಿಂಗ್ ಓದಿದ ನನ್ನ ತಲೆಗೆ ಇದು ಸರ್ಕ್ಯೂಟ್ ಥರ ಕಾಣುತ್ತೆ, ಬಿಡಿ. ವಿಷಯ ಸರಳ. ನಿಮ್ಮ ಆಪ್ತರಿಗೆ ಗೊತ್ತಿರೋದು ನಿಮಗೂ ಗೊತ್ತಿರುತ್ತೆ. ಹೊಸ ಸುದ್ದಿ ಹೊರಗಿನಿಂದಲೇ ಬರಬೇಕು.

ಅದಕ್ಕೇ ಹೇಳ್ತೀನಿ, ಮಹಿಳಾ ಉದ್ಯಮಿಗಳ ಸಂಘಗಳು ಬೇಕೇ ಬೇಕು. ಬೆಂಗಳೂರಿನ ಅವೇಕ್ 1983ರಿಂದ ಆ ಕೆಲಸ ಮಾಡ್ತಾ ಇದೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಒಂದು ಉದಾಹರಣೆ ಕೊಡ್ತೀನಿ. ಕೇಂದ್ರದ ಇಲಾಖೆಗಳು, ಸರ್ಕಾರಿ ಉದ್ದಿಮೆಗಳು ತಮ್ಮ ಖರೀದಿಯಲ್ಲಿ ಶೇ. 25ರಷ್ಟನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಮಾಡಬೇಕು. ಅದರಲ್ಲಿ ಶೇ. 3 ಮಹಿಳೆಯರ ಉದ್ದಿಮೆಗಳಿಗೆ ಅಂತ 2018ರಲ್ಲೇ ನಿಯಮ ಆಗಿದೆ. ಉಪ್ಪಿನಕಾಯಿ ಘಟಕ ನಡೆಸೋ ಎಷ್ಟು ಅಕ್ಕಂದಿರಿಗೆ ಇದು ಗೊತ್ತು? ಇದನ್ನ ಹೇಳಬೇಕಾದವರು ಯಾವುದೋ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೂತಿರ್ತಾರೆ. ಅವರ ಪರಿಚಯ ನಿಮಗಿರಬೇಕು.

ಪರಿಚಯ ಆದಾಗ ಕೇಳೋದೂ ಹಾಗೇ. "ನನಗೆ ಸ್ವಲ್ಪ ಸಪೋರ್ಟ್ ಮಾಡಿ ಸರ್" ಅಂದ್ರೆ ಅವರು "ಆಯ್ತು ಮೇಡಂ" ಅಂತಾರೆ, ಮುಗೀತು. "ನಿಮ್ಮ ಕ್ಯಾಂಟೀನಿಗೆ ಚಟ್ನಿಪುಡಿ ಖರೀದಿ ಯಾರು ನೋಡ್ತಾರೆ? ಅವರ ನಂಬರ್ ಕೊಡ್ತೀರಾ?" ಅಂತ ಕೇಳಿ. ಇದಕ್ಕೆ ಉತ್ತರ ಕೊಡಲೇಬೇಕಾಗುತ್ತೆ. ನಂಬರ್ ಸಿಕ್ಕರೆ ಅವತ್ತೇ ಫೋನ್ ಮಾಡಿ.

ಇನ್ನು ದೊಡ್ಡ ಕಂಪನಿಗಳ ಕಥೆ ಕೇಳಿ. 2013ರ ಕಂಪನಿ ಕಾಯ್ದೆ, ಷೇರುಪೇಟೆಯಲ್ಲಿರೋ ಕಂಪನಿಗಳ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಲಿ ಅಂತು. ಎಷ್ಟೋ ಮಾಲೀಕರು ಏನು ಮಾಡಿದ್ರು? ಹೆಂಡತಿಯನ್ನೋ ಮಗಳನ್ನೋ ಕೂರಿಸಿದ್ರು! ಕೊನೆಗೆ ಸೆಬಿ, ಮೊದಲ 500 ಕಂಪನಿಗಳಲ್ಲಿ ಸ್ವತಂತ್ರ ಮಹಿಳಾ ನಿರ್ದೇಶಕರೇ ಬೇಕು ಅಂತ 2019ರಿಂದ ಪಟ್ಟು ಹಿಡೀತು. ಅರ್ಹರು ಇರಲಿಲ್ಲವಾ? ಇದ್ದರು. ಮಾಲೀಕರ ಫೋನಿನಲ್ಲಿ ಅವರ ನಂಬರ್ ಇರಲಿಲ್ಲ, ಅಷ್ಟೇ.

ಹಾಗಾಗಿ ಬರೀ ಹೆಣ್ಣುಮಕ್ಕಳಿಗೆ "ಧೈರ್ಯವಾಗಿ ಮುಂದೆ ಬನ್ನಿ" ಅಂತ ಉಪದೇಶ ಮಾಡೋದರಲ್ಲಿ ನನಗೆ ನಂಬಿಕೆ ಇಲ್ಲ. ವರ್ತಕರ ಸಂಘ, ಕೈಗಾರಿಕಾ ಸಂಘಗಳ ಪದಾಧಿಕಾರಿಗಳೇ, ನಿಮ್ಮ ಸಭೆ ಎಷ್ಟು ಗಂಟೆಗೆ? ಸಂಜೆ ಏಳಕ್ಕೆ, ಊರಾಚೆಯ ಹೋಟೆಲಿನಲ್ಲಿ. ಏಳು ಗಂಟೆಗೆ ಅವರ ಮನೆಯಲ್ಲಿ ಕುಕ್ಕರ್ ಕೂಗ್ತಿರುತ್ತೆ, ಮಗುವಿನ ಹೋಂವರ್ಕ್ ಬಾಕಿ ಇರುತ್ತೆ. ಆಮೇಲೆ ಮಾರ್ಚ್ 8ಕ್ಕೆ ಕರೆದು ಶಾಲು ಹೊದಿಸ್ತೀರಿ.

ಮುಂದಿನ ತಿಂಗಳ ಸಭೆಯನ್ನ ಬೆಳಗ್ಗೆ ಹನ್ನೊಂದಕ್ಕೆ, ಬಸ್ ಸ್ಟ್ಯಾಂಡಿಗೆ ಹತ್ತಿರ ಇರೋ ಜಾಗದಲ್ಲಿ ಇಟ್ಟು ನೋಡಿ. ಎಷ್ಟು ಜನ ಮಹಿಳೆಯರು ಬರ್ತಾರೆ ಅಂತ ಎಣಿಸಿ, ನಮಗೂ ತಿಳಿಸಿ. ಕ್ಯಾಮೆರಾ ಸಮೇತ ನಾವೂ ಬರ್ತೀವಿ.