ತೊಗರಿ ತುಂಬಿದ ನಗಾರಿ



ಇವತ್ತು ನಾನು ಮಾತಾಡುವುದು ಒಂದು ನಗಾರಿಯ ಬಗ್ಗೆ. ಸರಿಯಾಗಿ ಹೇಳಬೇಕೆಂದರೆ ಅದರ ಹೊಟ್ಟೆಯ ಬಗ್ಗೆ. ಯಾಕೆಂದರೆ ನಾನು ನೋಡುವ ಹೊತ್ತಿಗೆ ಅದರ ಚರ್ಮ ಹರಿದುಹೋಗಿ ಎಷ್ಟೋ ಕಾಲವಾಗಿತ್ತು.

ಕಮಲಾಪುರದ ಆಚೆ ಒಂದು ಹಳ್ಳಿಯ ವಾಡೆ. ಊರಿನ ಹೆಸರು ಬೇಡ. ಹೇಳಿದರೆ ನಾಳೆಯೇ ಗುಜರಿಯವರು ಹೋಗಿ ನಿಲ್ಲುತ್ತಾರೆ. ಪಡಸಾಲೆಯ ಮೂಲೆಯಲ್ಲಿ ಮಸಿ ಹಿಡಿದ ತಾಮ್ರದ ದೊಡ್ಡ ಹಂಡೆಯಂಥದ್ದು ಬೋರಲು ಬಿದ್ದಿತ್ತು. ಇಬ್ಬರು ಸೇರಿ ಮಗುಚಿದೆವು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಒಂದು ಗೇಣು ಜಾಗದಲ್ಲಿ ಕಮಲದ ಎಸಳಿನ ಸಾಲು ಕಂಡಿತು. ಮೇಲಿನಿಂದ ಕೊರೆದದ್ದಲ್ಲ, ಒಳಗಿನಿಂದ ಬಡಿದು ಉಬ್ಬಿಸಿದ್ದು. ಅದರ ಮೇಲೆ ಬಳ್ಳಿಯ ಪಟ್ಟಿ, ಕಂಠದ ಸುತ್ತ ವಾದಿ ಪೋಣಿಸಲು ಹಿತ್ತಾಳೆಯ ಉಂಗುರಗಳು. ಕೆಲವು ಉದುರಿದ್ದವು. ಉಳಿದ ಉಂಗುರಗಳ ಒಳಮೈ ತೊಗಲು ತಿಕ್ಕಿ ತಿಕ್ಕಿ ಕನ್ನಡಿಯಂತೆ ನುಣುಪಾಗಿತ್ತು. ಕಸಬುದಾರನ ಕೈಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸವೆತ. ಇದು ಅಲಂಕಾರಕ್ಕೆ ಇಟ್ಟ ವಸ್ತುವಾಗಿರಲಿಲ್ಲ, ಬಿಗಿದು ಬಿಗಿದು ಬಾರಿಸಿದ ವಾದ್ಯ.

ಮನೆಯ ಹಿರಿಯ ಸೊಸೆ ನಗುತ್ತ ಹೇಳಿದರು: “ನಮ್ಮತ್ತಿಯವ್ರು ಇದರಾಗ ತೊಗರಿಬ್ಯಾಳಿ ಹಾಕಿಡ್ತಿದ್ರು ನೋಡ್ರಿ. ಮ್ಯಾಲ ಕಲ್ಲು ಮುಚ್ಚಿದ್ರ ಇಲಿ ಹೋಗ್ತಿದ್ದಿಲ್ಲ.”

ಕಲಬುರಗಿಯವರಿಗೆ ತೊಗರಿಗಿಂತ ದೊಡ್ಡ ದೈವವಿಲ್ಲ, ಒಪ್ಪುತ್ತೇನೆ. ಆದರೂ ಆ ನಗಾರಿ ಬೇಳೆಯ ಡಬ್ಬಿಯಾಗುವ ಮುಂಚೆ ಏನಾಗಿತ್ತು ಎಂಬುದು ನನ್ನನ್ನು ಬಿಡಲಿಲ್ಲ.

ನಮ್ಮ ಕಡೆಯ ಶಾಸನ ಓದಿದವರಿಗೆ ‘ಸಮಧಿಗತ ಪಂಚಮಹಾಶಬ್ದ ಮಹಾಮಂಡಳೇಶ್ವರ’ ಎಂಬ ಬಿರುದು ಬಾಯಿಪಾಠ. ಬೇಸರ ಬಂದು ಆ ಭಾಗವನ್ನು ದಾಟಿಸಿ ಓದುವವರೇ ಹೆಚ್ಚು, ನಾನೂ ದಾಟಿಸಿದ್ದೇನೆ. ಅದರ ಅರ್ಥವಾದರೂ ಏನು? ಐದು ಮಹಾವಾದ್ಯಗಳನ್ನು ತನ್ನ ಮುಂದೆ ನುಡಿಸಿಕೊಳ್ಳುವ ಹಕ್ಕನ್ನು ಪಡೆದವನು ಎಂದು. ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿ ಆ ಐದನ್ನೂ ಹೆಸರಿಸುತ್ತದೆ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಸಾಮಂತನೊಬ್ಬ ಎಷ್ಟೇ ದುಡ್ಡಿದ್ದರೂ ಭೇರಿ ಕೊಂಡು ತಂದು ಬಾರಿಸುವಂತಿರಲಿಲ್ಲ. ಚಕ್ರವರ್ತಿ ದಯಪಾಲಿಸಬೇಕು. 2017ರವರೆಗೆ ಇದ್ದ ಕೆಂಪು ದೀಪದ ಕಾರನ್ನು ನೆನೆಯಿರಿ, ತಿಳಿಯುತ್ತದೆ.

ಸಾಮಂತರ ಮಾತು ಅದು. ದೊಡ್ಡ ವಂಶಗಳು ತಮ್ಮದೇ ವಾದ್ಯ ಇಟ್ಟುಕೊಂಡಿದ್ದವು. ಕಲಬುರಗಿಯಿಂದ ಸೇಡಂ ದಾರಿ ಹಿಡಿದರೆ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. 866ರ ಸಿರೂರು ಶಾಸನದಲ್ಲಿ ಅಮೋಘವರ್ಷನನ್ನು ‘ಟಿವಿಳಿ’ ಎಂಬ ವಾದ್ಯದ ಘೋಷದೊಡನೆ ಹೊಗಳಲಾಗಿದೆ. ರಾಷ್ಟ್ರಕೂಟರ ವಂಶದವರೆಂದು ಹೇಳಿಕೊಂಡ ಸವದತ್ತಿಯ ರಟ್ಟರು ‘ತ್ರಿವಳಿ’ ಬಾರಿಸಿಕೊಂಡರು. ಕದಂಬರ ಶಾಸನಗಳಲ್ಲಿ ಬರುವುದು ‘ಪೆರ್ಮಟ್ಟಿ’. ಧ್ವಜ, ಲಾಂಛನಗಳ ಸಾಲಿನಲ್ಲೇ ವಾದ್ಯವೂ ನಿಲ್ಲುತ್ತಿತ್ತು. ಧ್ವಜ ಕಾಣುವ ಮುಂಚೆಯೇ ದೂರದ ಹೊಲದಲ್ಲಿ ಎಡೆ ಹೊಡೆಯುವವನಿಗೆ ಸದ್ದು ಕೇಳಿ, ಬರುವವರು ಯಾರೆಂದು ಗೊತ್ತಾಗುತ್ತಿತ್ತು.

ಕಮಲಾಪುರದಿಂದ ಹುಮನಾಬಾದ್ ದಾಟಿ ಹೋದರೆ ಕಲ್ಯಾಣ. ಅಲ್ಲಿನ ಸಿಂಹಾಸನ ಹಿಡಿಯುವ ಮುಂಚೆ ಬಿಜ್ಜಳನೂ ಚಾಲುಕ್ಯರ ಮಹಾಮಂಡಳೇಶ್ವರನೇ. ಅದೇ ಕಾಲದ ಶರಣರಲ್ಲಿ ಒಬ್ಬನ ಹೆಸರು ಢಕ್ಕೆಯ ಬೊಮ್ಮಣ್ಣ. ಮಾರಿಯನ್ನು ಹೊತ್ತು ಢಕ್ಕೆ ಬಾರಿಸುತ್ತ ತಿರುಗುವುದು ಅವನ ಕಾಯಕ. ಬೊಮ್ಮಣ್ಣನಿಗೆ ಯಾವ ಅರಸನೂ ಢಕ್ಕೆ ದಯಪಾಲಿಸಲಿಲ್ಲ. ತೊಗಲು ಹದ ಮಾಡುವ ಕಸಬಿನ ಡೋಹರ ಕಕ್ಕಯ್ಯನೂ ಆ ಕೂಟದಲ್ಲೇ ಕೂತಿದ್ದ. ಬಿರುದಾವಳಿಯಲ್ಲಿ ಭೇರಿ ಉಂಟು, ಭೇರಿಯ ಚರ್ಮ ಹದ ಮಾಡಿದವನಿಲ್ಲ. ಅವನ ಹೆಸರು ಬೇಕೆಂದರೆ ವಚನಕಾರರ ಪಟ್ಟಿಗೇ ಹೋಗಬೇಕು.

ಇನ್ನು ‘ನಗಾರಿ’ ಎಂಬ ಮಾತು. ಅರಬ್ಬಿಯ ‘ನಕ್ಕಾರಾ’, ಬಡಿ, ತಟ್ಟು ಎಂಬ ಧಾತುವಿನಿಂದ ಬಂದದ್ದು. ಧರ್ಮಯುದ್ಧಗಳ ಕಾಲದಲ್ಲಿ ಇದರ ಜೋಡಿಯೇ ಯೂರೋಪಿಗೆ ಹೋಗಿ, ಇವತ್ತಿನ ವಾದ್ಯವೃಂದದ ಟಿಂಪನಿಯ ಹಿರಿಯಜ್ಜನಾಯಿತು. ನಮ್ಮ ಕಡೆ ಅದಕ್ಕೆ ಅರಮನೆ ಸಿಕ್ಕದ್ದು ಬಹಮನಿಗಳಿಂದ. 1347ರಲ್ಲಿ ಕಲಬುರಗಿ ರಾಜಧಾನಿಯಾಯಿತು. ಎರಡನೆಯ ಸುಲ್ತಾನ ಒಂದನೆಯ ಮಹಮ್ಮದ್ ಶಾಹನ ಕಾಲದಲ್ಲಿ ದಿನಕ್ಕೆ ಐದು ಸಲ ನೌಬತ್ತು ನುಡಿಯುತ್ತಿತ್ತೆಂದು ಇತಿಹಾಸಕಾರ ಫರಿಷ್ತಾ ಬರೆಯುತ್ತಾನೆ. ಕೋಟೆಯೊಳಗಿನ ಜಾಮಿ ಮಸೀದಿ ಕಟ್ಟಿದ್ದು ಅವನ ಆಳ್ವಿಕೆಯಲ್ಲೇ, 1367ರಲ್ಲಿ. ಅಂಗಳವೇ ಇಲ್ಲದೆ ಪೂರ್ತಿ ಸೂರು ಹೊದ್ದ ಆ ಮಸೀದಿಯನ್ನು ನೋಡಲು ಹೋದಾಗ ಒಮ್ಮೆ ಕಣ್ಣು ಮುಚ್ಚಿ ನಿಂತು ಐದು ಹೊತ್ತಿನ ನೌಬತ್ತನ್ನೂ ಊಹಿಸಿಕೊಳ್ಳಿ.

ನೌಬತ್ತು ಎಂದರೆ ಒಂಟಿ ನಗಾರಿ ಅಲ್ಲ, ಇಡೀ ಮೇಳ. ಅಬುಲ್ ಫಜಲ್ ಅಕ್ಬರನ ನಗಾರಖಾನೆಯ ಲೆಕ್ಕ ಕೊಡುತ್ತಾನೆ: ದಮಾಮಗಳು ಸುಮಾರು 18 ಜೋಡಿ, ನಗಾರಿಗಳು ಸುಮಾರು 20 ಜೋಡಿ, ಜೊತೆಗೆ ಕಹಳೆ, ಶಹನಾಯಿ, ತಾಳ. ಬಾದಶಹನೇ ಒಳ್ಳೆಯ ನಗಾರಿ ವಾದಕನಂತೆ. ವಿಜಯಪುರದ ಗೋಲಗುಮ್ಮಟ ನೋಡಿದವರೆಲ್ಲ ಒಂದು ನಗಾರಖಾನೆಯನ್ನು ಹಾದೇ ಹೋಗಿದ್ದೀರಿ. ಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯ ಇರುವುದು ಅದರಲ್ಲೇ. ನಗಾರಿ ಬಾರಿಸುತ್ತಿದ್ದವರು ನಗಾರ್ಚಿಗಳು. ಆ ಅಡ್ಡಹೆಸರು ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ಇಂದಿಗೂ ಸಿಗುತ್ತದೆ. ಕೈಯಲ್ಲಿ ನಗಾರಿ ಇರುವುದಿಲ್ಲ, ಅಷ್ಟೇ.

ನೌಬತ್ತಿನ ಮೂಲ ಅರ್ಥ ಸರದಿ, ಪಾಳಿ. ನಮ್ಮೂರ ದಖನಿಯಲ್ಲಿ ‘ಐಸೀ ನೌಬತ್ ಆಯಿ’ ಎಂದರೆ ಇಂಥ ಗತಿ ಬಂತು ಎಂದು. ಸುಲ್ತಾನರ ಸದ್ದು ಹೋಗಿ ಜನರ ಗೋಳು ಉಳಿಯಿತು.

ಕಮಲಾಪುರದ ಆಚೆಯ ಆ ವಾಡೆಗೆ ನೌಬತ್ತು ಬಂದದ್ದು ನಿಜಾಮರ ಕಾಲದಲ್ಲಿ ಎಂದು ಮನೆಯವರ ನಂಬಿಕೆ. ಬೆಳಿಗ್ಗೆ, ಸಂಜೆ, ಜಾತ್ರೆಗೆ, ದೊಡ್ಡ ಅಧಿಕಾರಿ ಬಂದಾಗ ಬಾರಿಸುತ್ತಿದ್ದರಂತೆ. ಬಾರಿಸುವವನಿಗೆ ಒಂದು ತುಂಡು ಹೊಲ. ಇದು ಮುಖ್ಯ. ನಗಾರಿ ನಿಂತಿದ್ದು ಹೊಲದ ಮೇಲೆ. ಮಳೆಗಾಲದಲ್ಲಿ ಚರ್ಮ ಸಡಿಲಾಗುತ್ತದೆ, ಬೆಂಕಿಗೆ ಕಾಯಿಸಬೇಕು. ವಾದಿ ಒಣಗಿ ಸೀಳುತ್ತದೆ, ಬದಲಿಸಬೇಕು. ಹಸಿ ತೊಗಲು ನೆನೆಸಿ, ಎಳೆದು, ಉಂಗುರಕ್ಕೆ ಬಿಗಿದು, ನೆರಳಲ್ಲಿ ಒಣಗಿಸಬೇಕು. ಅವಸರಕ್ಕೆ ಬಿಸಿಲಿಗಿಟ್ಟರೆ ಬಿರಿಯುತ್ತದೆ. ಇಷ್ಟೆಲ್ಲ ಮಾಡುವ ಮನೆಗೆ ಕೂಳು ಬೇಕಲ್ಲ? 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, ಮರುವರ್ಷ ಜಾಗೀರುಗಳು ರದ್ದಾದವು. ಆಗಬೇಕಾದದ್ದೇ ಆಯಿತು. ಜಾಗೀರಿಗಾಗಿ ಅಳುವವನು ನಾನಲ್ಲ. ಆದರೆ ಅದರೊಡನೆ ನಗಾರಿಯ ಅನ್ನವೂ ಹೋಯಿತು. ಒಂದು ಮಳೆಗಾಲಕ್ಕೆ ಚರ್ಮ ಹರಿಯಿತು, ಮತ್ತೆ ಯಾರೂ ಬಿಗಿಯಲಿಲ್ಲ.

ಹಲಗಿ ಮಾತ್ರ ಸಾಯಲಿಲ್ಲ. ಪಂಚಮಹಾಶಬ್ದಗಳ ಸಾಲಿನ ಆ ತಮ್ಮಟ ಇದರ ಬಳಗವೇ. ಶರಣಬಸವೇಶ್ವರರ ತೇರಿನ ದಿನ ಕಲಬುರಗಿಯ ಬೀದಿಯಲ್ಲಿ ನಿಂತವರಿಗೆ ಅದರ ಏಟು ಎದೆಗೇ ಬೀಳುತ್ತದೆ. ಮರದ ಬಳೆ, ಒಂದು ತೊಗಲು, ಎರಡು ಕೋಲು. ರವದಿ ಉರಿಸಿ ಕಾಯಿಸಿದರೆ ತಯಾರು. ಯಾರ ಅಪ್ಪಣೆಯನ್ನೂ ಕಾಯದ್ದಕ್ಕೆ ಅದು ಉಳಿಯಿತೆಂದು ನನ್ನ ಲೆಕ್ಕ. ಹಾಗೆಂದು ಹಲಗಿಯವನ ಬದುಕು ಹಸನಾಗಿತ್ತು ಎಂದಲ್ಲ. ಅವನನ್ನು ತೇರಿನ ಮುಂದೆ ಕರೆದು, ಗುಡಿಯ ಹೊರಗೆ ನಿಲ್ಲಿಸಿದ ಊರುಗಳು ನಮ್ಮವೇ.

ಕಡೆಯದಾಗಿ ಒಂದು ಕೋರಿಕೆ. ನಿಮ್ಮ ವಾಡೆಯಲ್ಲಿ, ಗುಡಿಯ ಅಟ್ಟದ ಮೇಲೆ, ದರ್ಗಾದ ಮೂಲೆಯಲ್ಲಿ ಇಂಥ ತಾಮ್ರದ ಹಂಡೆ ಬೋರಲು ಬಿದ್ದಿದ್ದರೆ ಕಿಲೋ ಲೆಕ್ಕದಲ್ಲಿ ಮಾರಬೇಡಿ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಲೂ ಬೇಡಿ. ನಾನು ಒಂದು ಗೇಣು ತಿಕ್ಕಿದ್ದೇ ತಪ್ಪು. ಮೊದಲು ಮನೆಯ ಹಿರಿಯರನ್ನು ಕೇಳಿ, ಅದನ್ನು ಯಾವಾಗ ಬಾರಿಸುತ್ತಿದ್ದರು, ಯಾರ ಮನೆಯವರು ಬಾರಿಸುತ್ತಿದ್ದರು, ಚರ್ಮ ಯಾರು ಬಿಗಿಯುತ್ತಿದ್ದರು ಎಂದು ಬರೆದುಕೊಳ್ಳಿ. ಆಮೇಲೆ ಒಂದು ಫೋಟೊ ತೆಗೆದು ಕಲಬುರಗಿಯ ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಯ್ದು ತೋರಿಸಿ. ಬೇಳೆಗೆ ಬೇರೆ ಡಬ್ಬಿ ಸಿಗುತ್ತದೆ.