ಬಾಳಿಕೆಯ ಈರುಳ್ಳಿಗೆ ಮನೆಯ ಬೀಜ



ಬಂಗಾರಪೇಟೆ, ಕೆ.ಜಿ.ಎಫ್. ಸುತ್ತಿನ ಹಳ್ಳಿಗಳಲ್ಲಿ ಈರುಳ್ಳಿ ಬೆಳೆಯುವವರ ಗೋಳು ನಿಮಗೆ ಗೊತ್ತು. ಬೇಸಿಗೆಯಲ್ಲಿ ಗೆಡ್ಡೆ ಕಿತ್ತಾಗ ಬೆಲೆ ಇರೋದಿಲ್ಲ. ಬೆಲೆ ಬರುವ ಹೊತ್ತಿಗೆ ಗೆಡ್ಡೆ ಇರೋದಿಲ್ಲ. ಅರ್ಧ ಮೊಳೆತು, ಅರ್ಧ ಕೊಳೆತು ತಿಪ್ಪೆ ಸೇರಿರುತ್ತೆ. ‘ಮಳೆಗಾಲದ ಶೀತ, ಏನು ಮಾಡೋದು’ ಅಂತೀರಿ. ಶೀತವೂ ನಿಜ. ಆದರೆ ಅದೇ ರಾಶಿಯಲ್ಲಿ ಕೆಲವು ಗೆಡ್ಡೆ ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿದಿರುತ್ತವಲ್ಲ, ಅದೇಕೆ? ಬಹುಮಟ್ಟಿಗೆ ಅದು ಹುಟ್ಟುಗುಣ. ಆ ಗುಣ ಬೀಜದಲ್ಲಿ ಇಳಿದುಬರುತ್ತೆ.

1967ರಲ್ಲಿ ಹೆಸರಘಟ್ಟದಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ನಾಸಿಕದ ನಾಡತಳಿಯೊಂದರಿಂದ ಗೆಡ್ಡೆ ಆರಿಸುತ್ತ ಹೋಗಿ, ಬಾಳಿಕೆಗೆ ಹೆಸರಾದ ‘ಅರ್ಕಾ ನಿಕೇತನ್’ ತಳಿಯನ್ನು ಕೊಟ್ಟರು. ನಮ್ಮ ಗುಲಾಬಿ ಈರುಳ್ಳಿಯಲ್ಲೂ ಅಂಥ ಆಯ್ಕೆಯನ್ನು ನಾವೇ ಮಾಡಬಹುದು. ಹೈಬ್ರಿಡ್ ಬೆಳೆಯಿಂದ ಮಾತ್ರ ಬೀಜ ಮಾಡಬೇಡಿ. ಅದರ ಮಕ್ಕಳು ಒಂದೇ ತೆರನಾಗಿ ಬರುವುದಿಲ್ಲ.

ಮೊದಲು ಹದ. ಕೀಳುವ 10–15 ದಿನ ಮುಂಚೆ ನೀರು ನಿಲ್ಲಿಸಿ. ಅರ್ಧದಷ್ಟು ಗಿಡಗಳ ಕತ್ತು ಬಾಗಿದ ಮೇಲೆ ಕೀಳಿ. ಒಂದು ಸಾಲಿನ ಎಲೆ ಇನ್ನೊಂದು ಸಾಲಿನ ಗೆಡ್ಡೆಯ ಮೇಲೆ ಬೀಳುವಂತೆ ಹೊಲದಲ್ಲೇ 3–5 ದಿನ ಹರಡಿ. ಆಮೇಲೆ ಒಂದು ಅಂಗುಲ ಕತ್ತು ಬಿಟ್ಟು ಕೊಯ್ದು, ನೆರಳಲ್ಲಿ ಒಂದು ವಾರ, ಹತ್ತು ದಿನ ಒಣಗಿಸಿ. ಕತ್ತು ಚೆನ್ನಾಗಿ ಒಣಗಿ ಮುಚ್ಚಿಕೊಂಡರೆ ಕೊಳೆ ಒಳಗೆ ಇಳಿಯೋದು ಕಷ್ಟ. ಕತ್ತು ದಪ್ಪಗಿರುವುದು, ಜೋಡಿಗೆಡ್ಡೆ, ಹೂದಂಟು ಬಂದದ್ದು—ಇವನ್ನು ಬೀಜಕ್ಕೆ ಬೇಡವೆಂದು ಆಗಲೇ ಬೇರೆ ಮಾಡಿ.

ಈಗ ಮುಖ್ಯ ಮಾತು. ಬೀಜದ ಗೆಡ್ಡೆಯನ್ನು ಕಿತ್ತ ದಿನವೇ ಆರಿಸಬೇಡಿ. ಅಂದು ಎಲ್ಲವೂ ಚೆಂದವೇ! ಬಿದಿರ ತಟ್ಟಿಯ ಮೇಲೆ, ಕೆಳಗೂ ಪಕ್ಕಕ್ಕೂ ಗಾಳಿಯಾಡುವಂತೆ ಇಟ್ಟು, ಮಳೆಗಾಲವೆಲ್ಲ ಕಾಯಿರಿ. ಆಗಾಗ ಕೆಟ್ಟದ್ದನ್ನು ತೆಗೆಯುವವರು ಮನೆಯ ಹೆಣ್ಣುಮಕ್ಕಳೇ ತಾನೆ? ಯಾವುದು ಉಳಿಯಿತು, ಯಾವುದು ಮೊಳೆಯಿತು ಎಂದು ಅವರ ಕೈಗೆ ಗೊತ್ತು. ಅಕ್ಟೋಬರ್ ವೇಳೆಗೆ ಮೊಳೆಯದೆ, ಮೆತ್ತಗಾಗದೆ ಉಳಿದವೇ ತಾಯಿಗೆಡ್ಡೆ. ಅವರೇ ಆರಿಸಲಿ.

ನಾಲ್ಕೈದು ಗೆಡ್ಡೆ ಸಾಲದು, ತಳಿ ಸೊರಗುತ್ತೆ. ನೂರಕ್ಕೆ ಕಡಮೆಯಿಲ್ಲದಂತೆ, ಅಕ್ಟೋಬರ್–ನವೆಂಬರ್‌ನಲ್ಲಿ ನೆಡಿ. ಚಳಿಗೆ ಹೂದಂಟು ಬರುತ್ತೆ. ಜೇನುನೊಣ ಪರಾಗ ಹೊತ್ತು ತರುವುದರಿಂದ ಬೇರೆ ಈರುಳ್ಳಿ ಬೀಜದ ಹೊಲ ಸುಮಾರು ಒಂದು ಕಿಲೋಮೀಟರು ದೂರವಿರಲಿ. ಹೂ ಅರಳಿರುವಾಗ ಔಷಧಿ ಹೊಡೆಯಬೇಡಿ. ಕಪ್ಪು ಬೀಜ ಕಾಣಿಸಿಕೊಂಡ ಹಾಗೆಲ್ಲ ಕೊಯ್ದು ಒಣಗಿಸಿ. ಈರುಳ್ಳಿ ಬೀಜದ ಜೀವ ಬೇಗ ಕುಂದುತ್ತೆ, ವರ್ಷದೊಳಗೆ ಬಿತ್ತಿ.

ಒಂದೇ ವರ್ಷಕ್ಕೆ ಪವಾಡ ಆಗೋದಿಲ್ಲ. ಪ್ರತಿ ಸಲವೂ ಹೀಗೇ ಕಾದು ಆರಿಸುತ್ತ ಬಂದರೆ, ತಿಪ್ಪೆಗೆ ಹೋಗುವ ಮಂಕರಿಗಳು ಒಂದೊಂದಾಗಿ ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಯ ದಾರಿ ಹಿಡಿಯುತ್ತವೆ.