ಕೊಬ್ಬಿನ ಗುಳ್ಳೆ ಮತ್ತು ಪಿತ್ತರಸ



ಈ ದತ್ತಿ ಉಪನ್ಯಾಸ ಯಾರ ನೆನಪಿನಲ್ಲಿದೆಯೋ ಆ ಹಿರಿಯ ವೈದ್ಯರು ಮದ್ದು ಕೊಡುವ ಮೊದಲು ಅನುಪಾನ ಹೇಳುತ್ತಿದ್ದರಂತೆ: ಇದು ಜೇನಿನಲ್ಲಿ, ಅದು ತುಪ್ಪದಲ್ಲಿ. ಅವರ ಹೆಸರಿನಲ್ಲಿ ಮಾತಾಡಲು ಕರೆದಿದ್ದೀರಿ, ಕೃತಜ್ಞ. ನನ್ನ ವಿಷಯವೂ ಒಂದು ಬಗೆಯ ಅನುಪಾನವೇ.

ಲೆಸಿಥಿನ್‌ನಂಥ ಕೊಬ್ಬು ನೀರಿನಲ್ಲಿ ತಾನಾಗಿ ಕಟ್ಟಿಕೊಳ್ಳುವ ಅತಿಸಣ್ಣ ಗುಳ್ಳೆಯೇ ಲೈಪೋಸೋಮ್. ಅಲೆಕ್ ಬ್ಯಾಂಗ್‌ಹ್ಯಾಮ್ 1965ರಲ್ಲಿ ಇದನ್ನು ವಿವರಿಸಿದರು. ಮದ್ದನ್ನು ಇದರೊಳಗಿಟ್ಟು ದೇಹಕ್ಕೆ ಕಳಿಸಬಹುದು.

2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಬಂದಾಗ, ಇಂಥ ಗುಳ್ಳೆಯಲ್ಲಿಟ್ಟ ಶಿಲೀಂಧ್ರನಾಶಕವಾದ ಲೈಪೋಸೋಮಲ್ ಆಂಫೋಟೆರಿಸಿನ್ ಚುಚ್ಚುಮದ್ದಿಗಾಗಿ ರೋಗಿಗಳ ಮನೆಯವರು ಊರೂರು ಅಲೆದರು. ಅದೇ ಗುಳ್ಳೆಯನ್ನು ನುಂಗಿಸಬಾರದೇಕೆ ಎಂದು ಎಷ್ಟೋ ಜನ ಕೇಳಿದರು. ನುಂಗಿದ ಗುಳ್ಳೆ ಏನಾಗುತ್ತದೆ ಎಂಬ ವಿವಾದದ ಬೇರು ಈ ಪ್ರಶ್ನೆಯಲ್ಲೇ ಇದೆ.

ಗುಳ್ಳೆ ಇಡಿಯಾಗಿ ಕರುಳು ದಾಟಿ ರಕ್ತ ಸೇರುತ್ತದೆ ಎನ್ನುವುದು ಒಂದು ಪಕ್ಷ. 1976ರಲ್ಲಿ ಪಟೇಲ್ ಮತ್ತು ರೈಮನ್ ಗುಳ್ಳೆಯೊಳಗಿಟ್ಟ ಇನ್ಸುಲಿನ್ ಕುಡಿಸಿ ಇಲಿಗಳ ರಕ್ತದ ಸಕ್ಕರೆ ಇಳಿಸಿದ್ದು ಇವರಿಗೆ ದೊಡ್ಡ ಆಧಾರ. ಆ ಪ್ರಯೋಗವನ್ನು ನಾನು ಗೌರವಿಸುತ್ತೇನೆ. ಆದರೆ ಇಷ್ಟು ವರ್ಷ ಕಳೆದರೂ ಲೈಪೋಸೋಮಿನ ಇನ್ಸುಲಿನ್ ಗುಳಿಗೆ ಔಷಧದಂಗಡಿಗೆ ಬಂದಿಲ್ಲ. ಒಂದು ದೊಡ್ಡ ಕಾರಣ ಪಿತ್ತರಸ. ಸೋಯಾ ಲೆಸಿಥಿನ್‌ನ ಗುಳ್ಳೆಗಳಿರುವ ಹಾಲಿನಂಥ ದ್ರಾವಣಕ್ಕೆ ಪಿತ್ತಲವಣ ಸಾಕಷ್ಟು ಬೆರೆಸಿ. ನೋಡುತ್ತಿದ್ದಂತೆ ಅದು ತಿಳಿಯಾಗುತ್ತದೆ. ಗುಳ್ಳೆ ಕರಗಿತು ಎಂದೇ ಅರ್ಥ. ಮೇದೋಜೀರಕದ ಕಿಣ್ವ ಬೇರೆ ಅದರ ಕೊಬ್ಬನ್ನೇ ಕತ್ತರಿಸುತ್ತದೆ. ಕೊಲೆಸ್ಟ್ರಾಲ್ ಸೇರಿಸಿದರೆ, ದೇಹದ 37 ಡಿಗ್ರಿಯಲ್ಲೂ ಗಟ್ಟಿಯಾಗಿರುವ ಕೊಬ್ಬು ಬಳಸಿದರೆ ಗುಳ್ಳೆ ತುಸು ಹೆಚ್ಚು ಬಾಳುತ್ತದೆ, ನಿಜ. ಬಾಳುವುದು ಒಂದು ಮಾತು, ದಾಟುವುದು ಇನ್ನೊಂದು.

ಹಾಗಾದರೆ ಇದೆಲ್ಲ ವ್ಯರ್ಥ ಎನ್ನುವ ಎರಡನೆಯ ಪಕ್ಷವನ್ನೂ ನಾನು ಒಪ್ಪಲಾರೆ. ಕರಗಿದ ಕೊಬ್ಬು ಪಿತ್ತಲವಣದೊಡನೆ ಸೇರಿ ಇನ್ನೂ ಚಿಕ್ಕ ಕಣಗಳಾಗುತ್ತದೆ. ನೀರಿಗೆ ಒಗ್ಗದ ಅರಿಶಿನದ ಕುರ್ಕುಮಿನ್‌ನಂಥ ಪದಾರ್ಥಗಳನ್ನು ಕರುಳಿನ ಗೋಡೆಯವರೆಗೆ ಹೊತ್ತೊಯ್ಯುವುದು ಈ ಕಣಗಳೇ. ಗುಳ್ಳೆ ಒಡೆಯುವುದರಿಂದಲೇ ಕೆಲಸ ನಡೆಯುತ್ತದೆ ಎಂಬುದು ನನ್ನ ವಾದ. ತುಪ್ಪದ ಅನುಪಾನ ಹೇಳುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ಕೇಳಿ ಸಂತೋಷವಾಗುತ್ತಿತ್ತು ಎಂದುಕೊಳ್ಳುತ್ತೇನೆ.

ಇಡೀ ಗುಳ್ಳೆಯೇ ಬೇಕಾಗುವ ಜಾಗ ಒಂದಿದೆ: ಬಾಯಿಯ ಮೂಲಕ ಕೊಡುವ ಲಸಿಕೆ. ಅದು ರಕ್ತ ಸೇರಬೇಕಿಲ್ಲ, ಕರುಳಿನ ಗೋಡೆಯಲ್ಲಿರುವ ರೋಗನಿರೋಧಕ ಕೋಶಗಳಿಗೆ ಮುಟ್ಟಿದರೆ ಸಾಕು. ಗುಳ್ಳೆಯ ಪೊರೆಗೆ ಮೊದಲೇ ಪಿತ್ತಲವಣ ಸೇರಿಸಿ ಅದನ್ನು ಪಿತ್ತಕ್ಕೆ ಒಗ್ಗಿಸುವ ಬೈಲೋಸೋಮ್ ಹುಟ್ಟಿದ್ದು ಈ ಉದ್ದೇಶಕ್ಕೆ. ಅಂಥ ಲಸಿಕೆಯ ಅಗತ್ಯ ನಿಮಗೆ ಗೊತ್ತು: ಕ್ಯಾಸನೂರು ಕಾಡು ಹೊಸಬಾಳೆಯ ಈ ತಾಲ್ಲೂಕಿನಲ್ಲೇ ಇದೆ. 1957ರಲ್ಲಿ ಅಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ನಿಮ್ಮ ತೋಳು ಚುಚ್ಚಿಸಿಕೊಂಡದ್ದು ಎಷ್ಟು ಸಲ! ಪರಿಣಾಮ ಸಾಲದೆಂದು ಆ ಲಸಿಕೆ 2022ರಲ್ಲಿ ನಿಂತಿತು. ಕುಡಿಯುವ ಲಸಿಕೆಯ ಸಂಶೋಧನೆಗೆ ಇಲ್ಲಿಗಿಂತ ಹೆಚ್ಚು ಕಾರಣವಿರುವ ನೆಲ ನನಗೆ ಕಾಣದು.

ಈಗ ಅಂಗಡಿಗಳಲ್ಲಿ ಲೈಪೋಸೋಮಲ್ ವಿಟಮಿನ್ ಸಿ, ಲೈಪೋಸೋಮಲ್ ಕಬ್ಬಿಣ ಹೆಚ್ಚಿನ ಬೆಲೆಗೆ ಬಿಕರಿಯಾಗುತ್ತಿವೆ. ಪೊಟ್ಟಣದ ಮೇಲಿನ ಗುಳ್ಳೆಯ ಚಿತ್ರ ನೋಡಿ ಹಣ ಕೊಡಬೇಡಿ. ಮನುಷ್ಯರು ನುಂಗಿದ ಮೇಲೆ ಅವರ ರಕ್ತದಲ್ಲಿ ಆ ಪೋಷಕಾಂಶ ಎಷ್ಟು ಏರಿತು, ಸಾದಾ ಗುಳಿಗೆಗಿಂತ ಎಷ್ಟು ಹೆಚ್ಚು ಏರಿತು ಎಂಬ ಲೆಕ್ಕ ಕೇಳಿ.